ಬಳೆಗಾರರ ಗುಂಡಿನಲ್ಲಿ ಸವೆದ ಅಕ್ಷರ

ಮೊಳಕಾಲ್ಮುರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟ ಹತ್ತಿದವರಿಗೆ ದೇವಸ್ಥಾನದ ಮೆಟ್ಟಿಲಿನ ಎದುರು ಒಂದು ಹಾಸುಬಂಡೆ ಕಾಣುತ್ತದೆ. ಅದಕ್ಕೆ ಊರವರು ಇಟ್ಟ ಹೆಸರು ಬಳೆಗಾರರ ಗುಂಡು. ಜಾತ್ರೆಯ ದಿನ ಬಳೆಗಾರರು ಮಲಾರ ಬಿಚ್ಚಿ ಕೂರುತ್ತಿದ್ದುದು ಅದರ ಮೇಲೆಯೇ. ಬಳೆ ತೊಡಿಸಿಕೊಳ್ಳಲು ಬಂದ ಹೆಂಗಸರು, ಅಮ್ಮಂದಿರ ಸೆರಗು ಹಿಡಿದು ಬಂದ ಮಕ್ಕಳು, ತಲೆಮಾರುಗಟ್ಟಲೆ ಅದನ್ನು ತುಳಿದಿದ್ದಾರೆ. ಆ ಕಲ್ಲಿನಲ್ಲಿ ಕ್ರಿಸ್ತಪೂರ್ವ 3ನೆಯ ಶತಮಾನದ ಅಶೋಕನ ಶಾಸನವಿದೆ ಎಂದು ಹೊರಜಗತ್ತಿಗೆ ತಿಳಿದದ್ದು 1892ರಲ್ಲಿ, ಶಾಸನತಜ್ಞ ಬಿ.ಎಲ್. ರೈಸ್ ಅವರು ಈ ಸೀಮೆಯ ಬಂಡೆಗಳನ್ನು ಹುಡುಕಿಕೊಂಡು ಬಂದಾಗ. ಅಷ್ಟರಲ್ಲಿ ಬಹುಪಾಲು ಅಕ್ಷರ ಸವೆದುಹೋಗಿತ್ತು.

ಸವೆದದ್ದನ್ನು ಓದಿದ್ದು ಹೇಗೆ? ಹತ್ತಿರದ ಬ್ರಹ್ಮಗಿರಿಯಲ್ಲೂ ಸಿದ್ದಾಪುರದಲ್ಲೂ ಇದೇ ಶಾಸನದ ಇನ್ನೆರಡು ಪ್ರತಿಗಳಿವೆ. ಬ್ರಹ್ಮಗಿರಿಯ ಬಂಡೆಯನ್ನು ಜನ ಅಕ್ಷರಗುಂಡು ಎಂದೇ ಕರೆಯುವಷ್ಟು ಅಲ್ಲಿ ಬರಹ ಉಳಿದಿದೆ. ವಿದ್ವಾಂಸರು ಮೂರನ್ನೂ ಪಕ್ಕಪಕ್ಕ ಇಟ್ಟುಕೊಂಡರು. ಜಟಿಂಗದ ಬಂಡೆಯಲ್ಲಿ ಎರಡು ಅಕ್ಷರ ಉಳಿದು ಮೂರು ಹೋಗಿದ್ದರೆ, ಬ್ರಹ್ಮಗಿರಿಯಲ್ಲಿ ಅದೇ ಜಾಗದಲ್ಲಿ ಏನಿದೆ ಎಂದು ನೋಡಿ ಖಾಲಿಯನ್ನು ತುಂಬಿದರು. ಗೊತ್ತಿರುವುದರಿಂದ ಗೊತ್ತಿಲ್ಲದ್ದನ್ನು ಊಹಿಸುವ ಕೆಲಸ ಅದು.

ಕೃತಕ ಬುದ್ಧಿಮತ್ತೆ (ಎಐ) ಎಂದು ಇವತ್ತು ನಾವು ಕರೆಯುತ್ತಿರುವ ಯಂತ್ರದ ಒಳಗುಟ್ಟು ತಿಳಿಯಬೇಕಾದರೆ ಈ ಬಂಡೆಯ ಮುಂದೆ ನಿಂತು ಯೋಚಿಸುವುದು ಒಳ್ಳೆಯದು. ‘ಮಳೆ ಬಂತು, ಕೆರೆ’ ಎಂದು ನಾನು ಅರ್ಧಕ್ಕೆ ನಿಲ್ಲಿಸಿದರೆ ನೀವು ‘ತುಂಬಿತು’ ಎನ್ನುತ್ತೀರಿ. ಯಾಕೆಂದರೆ ಆ ಮಾತನ್ನು ಸಾವಿರ ಸಲ ಕೇಳಿದ್ದೀರಿ. ಯಂತ್ರ ಕೋಟಿಗಟ್ಟಲೆ ಪುಟ ಓದಿದೆ. ಒಂದು ಮಾತಿನ ಬೆನ್ನಿಗೆ ಯಾವ ಮಾತು ಬರುವ ಸಂಭವ ಹೆಚ್ಚು ಎಂಬ ಲೆಕ್ಕ ಅದರ ಹೊಟ್ಟೆಯಲ್ಲಿದೆ. ಕೇಳಿದಾಗ ಆ ಲೆಕ್ಕದ ಪ್ರಕಾರ ಒಂದೊಂದೇ ತುಣುಕು ಜೋಡಿಸುತ್ತ ಹೋಗುತ್ತದೆ. ಚಿತ್ರ ಬರೆಯುವ, ರಾಗ ಕಟ್ಟುವ ಯಂತ್ರಗಳ ವಿಧಾನ ಬೇರೆಯಾದರೂ ಬುನಾದಿ ಒಂದೇ: ಈ ಹಿಂದೆ ಮನುಷ್ಯರು ಮಾಡಿಟ್ಟಿದ್ದನ್ನು ನೋಡಿ, ಅದಕ್ಕೆ ಹೊಂದುವಂಥ ಇನ್ನೊಂದನ್ನು ಮಾಡುವುದು.

ಇದನ್ನು ಸಣ್ಣ ಕೆಲಸ ಎಂದು ನಾನು ಹೇಳುತ್ತಿಲ್ಲ. 2022ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ‘ಇಥಾಕಾ’ ಎಂಬ ಯಂತ್ರದ ಬಗ್ಗೆ ವರದಿ ಬಂತು. ಡೀಪ್‌ಮೈಂಡ್ ಕಂಪನಿಯವರು ಇತಿಹಾಸಕಾರರ ಜೊತೆ ಸೇರಿ ಮಾಡಿದ್ದು ಅದು. ಒಡೆದ, ಸವೆದ ಪ್ರಾಚೀನ ಗ್ರೀಕ್ ಶಾಸನಗಳಲ್ಲಿ ಬಿಟ್ಟುಹೋದ ಅಕ್ಷರ ಹೇಳಬೇಕು. ಇತಿಹಾಸಕಾರರು ಯಂತ್ರದ ನೆರವಿಲ್ಲದೆ ಮಾಡಿದಾಗ ಶೇ 25ರಷ್ಟು ಸರಿಬಂತು. ಯಂತ್ರ ಒಂದೇ ಮಾಡಿದಾಗ ಶೇ 62. ಇತಿಹಾಸಕಾರರು ಯಂತ್ರವನ್ನು ಪಕ್ಕದಲ್ಲಿಟ್ಟುಕೊಂಡು ಮಾಡಿದಾಗ ಶೇ 72. ಮನುಷ್ಯನೂ ಯಂತ್ರವೂ ಸೇರಿದಾಗ ಇಬ್ಬರಲ್ಲಿ ಯಾರೊಬ್ಬರಿಂದಲೂ ಆಗದ್ದು ಆಯಿತು. ಕೃತಕ ಬುದ್ಧಿಮತ್ತೆ ಕಲೆಯ ಕೊನೆ ಎಂದು ಹೆದರುವವರಿಗೆ ನಾನು ಮೊದಲು ಹೇಳುವುದು ಈ ಲೆಕ್ಕವನ್ನು.

ಆದರೆ ನಮ್ಮ ಮೂರು ಬಂಡೆಗಳಲ್ಲಿ ಇನ್ನೊಂದು ಸಂಗತಿಯಿದೆ. ಆ ಶಾಸನವನ್ನು ಕಲ್ಲಿಗೆ ಇಳಿಸಿದವನ ಹೆಸರು ಚಪಡ. ಆತ ಲಿಪಿಕಾರ. ಮಾತು ಚಕ್ರವರ್ತಿಯದ್ದು, ಆಜ್ಞೆ ಸುವರ್ಣಗಿರಿಯಿಂದ ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಬಂದದ್ದು. ಚಪಡನ ಕೆಲಸ ಅದನ್ನು ನಕಲು ಮಾಡುವುದು ಮಾತ್ರ. ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಆತ ತನ್ನ ಹೆಸರು ಹಾಕಿದ. ಇಡೀ ಶಾಸನ ಬ್ರಾಹ್ಮಿಯಲ್ಲಿದ್ದರೆ, ತನ್ನ ಕಸುಬನ್ನು ಹೇಳುವ ಆ ಒಂದು ಪದವನ್ನು ಮಾತ್ರ ಖರೋಷ್ಠಿಯಲ್ಲಿ ಕೆತ್ತಿದ. ಖರೋಷ್ಠಿ ಬಲದಿಂದ ಎಡಕ್ಕೆ ಬರೆಯುವ ಲಿಪಿ, ಗಾಂಧಾರದ ಕಡೆಯದ್ದು. ಬ್ರಹ್ಮಗಿರಿಯಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ಶೇಂಗಾ ಬೆಳೆಯುವ ನಮ್ಮ ಈ ಬಯಲುಸೀಮೆಯಲ್ಲಿ, ಸಾವಿರ ಮೈಲಿಗೂ ಹೆಚ್ಚು ದೂರದ ಲಿಪಿಯಲ್ಲಿ ಒಂದು ಪದ! ಓದುವವರು ಇಲ್ಲಿ ಎಷ್ಟು ಮಂದಿ ಇದ್ದಿರಬಹುದು? ಆತ ಆ ಕಡೆಯವನೋ, ಅಲ್ಲಿ ಕೆಲಸ ಮಾಡಿ ಬಂದವನೋ. ಇದು ನನ್ನ ಕೈಯ ಕೆಲಸ ಎಂದು ಹೇಳಬೇಕೆನಿಸಿತು, ಹೇಳಿದ.

ಈಗ ಒಂದು ಪ್ರಯೋಗವನ್ನು ಮನಸ್ಸಿನಲ್ಲೇ ಮಾಡಿ ನೋಡೋಣ. ಉತ್ತರದ ರೂಪನಾಥ, ಸಹಸ್ರಾಮ್, ಬೈರಾಟ್‌ಗಳಲ್ಲಿ ಅಶೋಕನ ಇದೇ ಕಿರುಶಾಸನದ ಪ್ರತಿಗಳಿವೆ. ಅವನ್ನೆಲ್ಲ ಯಂತ್ರಕ್ಕೆ ಓದಿಸಿ, ಬ್ರಹ್ಮಗಿರಿಯ ಕೊನೆಯ ಸಾಲು ಏನಿರಬಹುದು ಎಂದು ಕೇಳಿದರೆ ಅದು ಚಪಡನ ಹೆಸರು ಹೇಳುವುದಿಲ್ಲ. ಖರೋಷ್ಠಿಯ ಆ ತಿರುವು ಅದಕ್ಕೆ ಹೊಳೆಯುವುದಿಲ್ಲ. ಇಸಿಲವೂ ಅಷ್ಟೇ, ಆ ಹೆಸರು ನಮ್ಮ ಬಂಡೆಗಳಲ್ಲಿ ಬಿಟ್ಟರೆ ಅಶೋಕನ ಬೇರೆ ಶಾಸನಗಳಲ್ಲಿ ಇಲ್ಲ. ಖಾಲಿ ಜಾಗಕ್ಕೆ ಯಂತ್ರ ತುಂಬುವುದು ಸಂಭವ ಹೆಚ್ಚಿರುವುದನ್ನು. ಚಪಡ ತುಂಬಿದ್ದು ಯಾರೂ ಊಹಿಸಲಾರದ್ದನ್ನು. ಸೃಜನಶೀಲ ಕೆಲಸ ಎಂಬುದು ಎಲ್ಲಿ ಹುಟ್ಟುತ್ತದೆ ಎಂದು ನನ್ನನ್ನು ಕೇಳಿದರೆ ನಾನು ಬೆರಳು ತೋರಿಸುವುದು ಆ ಒಂದು ಪದದ ಕಡೆಗೆ.

ಬೆಟ್ಟ ಇಳಿದು ಮೊಳಕಾಲ್ಮುರಿಗೆ ಬಂದರೆ ಓಣಿಗಳಲ್ಲಿ ಮಗ್ಗದ ಸದ್ದು. ಇಲ್ಲಿನ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತ ನೇಕಾರ, ಕೈಯಲ್ಲಿ ಲಾಳಿ, ತಲೆಯ ಮೇಲೆ ಜಕಾರ್ಡ್ ಪೆಟ್ಟಿಗೆ. ಅದರಿಂದ ಇಳಿಬಿದ್ದ ರಟ್ಟಿನ ಮಾಲೆ, ರಟ್ಟಿನ ತುಂಬ ತೂತು. ತೂತು ಇದ್ದ ಕಡೆ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಕೆಳಗೇ ಉಳಿಯುತ್ತದೆ. ಹೀಗೆ ಏಳುವ, ಉಳಿಯುವ ಎಳೆಗಳ ನಡುವೆ ಜರಿ ಹಾಯ್ದು ಹಾಯ್ದು ಅಂಚಿನಲ್ಲಿ ಹೂವು, ಹಣ್ಣು, ಹಕ್ಕಿ ಮೂಡುತ್ತವೆ.

ಕಂಪ್ಯೂಟರಿನ ವಂಶವೃಕ್ಷದಲ್ಲಿ ಈ ಪೆಟ್ಟಿಗೆ ಅಜ್ಜಿಯ ಜಾಗದಲ್ಲಿದೆ. ಫ್ರಾನ್ಸಿನ ಲಿಯಾನ್ ಊರಿನ ಜೋಸೆಫ್ ಮಾರಿ ಜಕಾರ್ಡ್ 1804ರ ಹೊತ್ತಿಗೆ ಇದನ್ನು ರೂಪಿಸಿದ. 1839ರಲ್ಲಿ ಅವನ ಭಾವಚಿತ್ರವನ್ನೇ ಇಂಥ ಮಗ್ಗದಲ್ಲಿ ರೇಷ್ಮೆಯಲ್ಲಿ ನೇಯ್ದರು, ಬಳಸಿದ ರಟ್ಟು ಸುಮಾರು 24 ಸಾವಿರ. ಆ ಚಿತ್ರದ ಒಂದು ಪ್ರತಿ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ಬಳಿಯಿತ್ತು. ತೂತಿನ ರಟ್ಟಿನಿಂದ ಹೂ ನೇಯಬಹುದಾದರೆ ಲೆಕ್ಕವನ್ನೂ ನೇಯಬಹುದು ಎಂದು ಆತ ಎಣಿಸಿದ. ಆತನ ಯಂತ್ರದ ಬಗ್ಗೆ 1843ರಲ್ಲಿ ಟಿಪ್ಪಣಿ ಬರೆದ ಅಡಾ ಲವ್ಲೇಸ್ ಈ ಹೋಲಿಕೆಯನ್ನೇ ಹಿಡಿದು ವಿವರಿಸಿದಳು. ತಾನಾಗಿ ಏನನ್ನೂ ಹೊಸದಾಗಿ ಹುಟ್ಟಿಸುವ ಹಮ್ಮು ಈ ಯಂತ್ರಕ್ಕಿಲ್ಲ, ನಾವು ಹೇಳಿಕೊಟ್ಟಷ್ಟನ್ನು ಅದು ಮಾಡುತ್ತದೆ ಎಂದೂ ಆಕೆ ಬರೆದಳು. ನೂರೆಂಬತ್ತು ವರ್ಷದಿಂದ ಜಗತ್ತು ಆ ಮಾತಿನ ಮೇಲೆ ವಾದ ಮಾಡುತ್ತಿದೆ.

ನಾನು ಹೋದ ದಿನ ಒಂದು ಮನೆಯಲ್ಲಿ ಈ ವಾದ ಅಪ್ಪ ಮಗಳ ನಡುವೆ ನಡೆಯುತ್ತಿತ್ತು. ಮಗಳು ಚಳ್ಳಕೆರೆಯಲ್ಲಿ ಬಿ.ಕಾಂ. ಓದುತ್ತಾಳೆ. ಸೀರೆಯ ಸೆರಗಿಗೆ ನವಿಲಿನ ಬುಟ್ಟ ಬೇಕೆಂದು ಮೊಬೈಲಿನಲ್ಲಿ ಎಐಗೆ ಹೇಳಿದ್ದಳು. ಅರ್ಧ ನಿಮಿಷದಲ್ಲಿ ನಾಲ್ಕು ನವಿಲು ಬಂದವು. ನಾನೂ ನೋಡಿದೆ, ಕಣ್ಣು ಕೋರೈಸುವ ಬಣ್ಣ. ಅಪ್ಪ ಕನ್ನಡಕ ಏರಿಸಿ ಒಂದೊಂದನ್ನೇ ದೊಡ್ಡದು ಮಾಡಿ ನೋಡಿದರು.

“ಚೆಂದ ಐತಮ್ಮ. ಆದ್ರೆ ಈ ಕತ್ತಿನ ತಾವ ನೋಡು, ಇಷ್ಟು ಅಗಲಕ್ಕೆ ಎಲ್ಲೂ ಕಟ್ಟಿಲ್ಲ. ಜರಿ ಹಂಗೇ ಮೇಲೆ ತೇಲ್ತದೆ. ಉಟ್ಟಾಕಿ ಉಂಗುರಕ್ಕೆ ಸಿಕ್ಕಿ ಕಿತ್ಕಂಡು ಬರ್ತದೆ.”

“ಮತ್ತೇನ್ ಮಾಡಾದಪ್ಪ?”

“ನೀನೇ ಬರಿ.”

ಈ ‘ನೀನೇ ಬರಿ’ ಎಂಬ ಮಾತಿಗೆ ಆಮೇಲೆ ಬರುತ್ತೇನೆ.

ಯಂತ್ರದ ಹೊಡೆತ ಮೊದಲು ಬೀಳುತ್ತಿರುವುದು ದೊಡ್ಡ ಕಲಾವಿದರ ಮೇಲಲ್ಲ. ಚಳ್ಳಕೆರೆಯಂಥ ಊರಿನ ಫ್ಲೆಕ್ಸ್ ಅಂಗಡಿಯಲ್ಲಿ ಕೂತು ಡಿಸೈನ್ ಕಲಿಯುತ್ತಿದ್ದ ಹುಡುಗ, ಲಗ್ನಪತ್ರಿಕೆಗೆ ಒಕ್ಕಣೆ ಬರೆದುಕೊಡುತ್ತಿದ್ದ ಮೇಷ್ಟ್ರು, ಪ್ರಚಾರದ ಆಟೊಗೆ ದನಿ ಕೊಡುತ್ತಿದ್ದವರು, ಪುಟಕ್ಕಿಷ್ಟು ಎಂದು ಅನುವಾದ ಮಾಡುತ್ತಿದ್ದವರು, ಇವರ ಕೆಲಸಕ್ಕೆ ಈಗ ಮೊಬೈಲು ಸಾಕು ಎನ್ನುವಂತಾಗಿದೆ. 2025ರಲ್ಲಿ ‘ಲವ್ ಯು’ ಎಂಬ ಕನ್ನಡ ಚಿತ್ರ ತೆರೆಗೆ ಬಂತು. ನರಸಿಂಹಮೂರ್ತಿ ನಿರ್ದೇಶನ. ನಟರಿಲ್ಲ, ಕ್ಯಾಮೆರಾ ಇಲ್ಲ, ದೃಶ್ಯಗಳನ್ನೆಲ್ಲ ಎಐ ಉಪಕರಣಗಳಿಂದ ಮಾಡಿದ್ದು. ಖರ್ಚು ಸುಮಾರು 10 ಲಕ್ಷ ರೂಪಾಯಿ ಎಂದು ತಯಾರಕರು ಹೇಳಿದರು. ಕೈಯಲ್ಲಿ ಕಥೆಯಿದ್ದು ಕಾಸಿಲ್ಲದವನಿಗೆ ಇದು ಬಾಗಿಲು ತೆರೆದಂತೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಮೊಳಕಾಲ್ಮುರಿನ ಒಬ್ಬ ಹುಡುಗ ನಾಳೆ ಮ್ಯಾಸಬೇಡರ ದೇವರ ಎತ್ತುಗಳ ಕಥೆಯನ್ನು ಗಾಂಧಿನಗರಕ್ಕೆ ಹೋಗದೆಯೇ ಸಿನಿಮಾ ಮಾಡಬಹುದು. ಅದೇ ಬಾಗಿಲಿನಿಂದ ಲೈಟ್‌ಬಾಯ್, ಮೇಕಪ್‌ನವರು, ಸಹನಟರು, ಹೊಲಿಗೆಯವರು ಹೊರಗೆ ಹೋಗುತ್ತಾರೆ ಎಂಬುದೂ ಅಷ್ಟೇ ನಿಜ.

ನನಗೆ ಹೆಚ್ಚು ಚಿಂತೆ ತರುವುದು ಕೆಳಗಿನ ಮೆಟ್ಟಿಲು. ಮಗ್ಗದ ಮನೆಯಲ್ಲಿ ಯಾರೂ ಮೊದಲ ದಿನವೇ ಗುಂಡಿಗೆ ಇಳಿಯುವುದಿಲ್ಲ. ಕಂಡಿಕೆ ಸುತ್ತಬೇಕು, ಹರಿದ ಎಳೆ ಹೊಸೆದು ಸೇರಿಸಬೇಕು, ಪಕ್ಕದಲ್ಲಿ ಕೂತು ವರ್ಷಗಟ್ಟಲೆ ನೋಡಬೇಕು. ಫ್ಲೆಕ್ಸ್ ಅಂಗಡಿಯ ಹುಡುಗನೂ ಹುಟ್ಟುಹಬ್ಬದ ಬ್ಯಾನರ್ ಮಾಡುತ್ತ ಮಾಡುತ್ತಲೇ ಬಣ್ಣ ಕಲಿಯುವುದು. ಪತ್ರಿಕೆಯಲ್ಲಿ ಸಣ್ಣ ಸುದ್ದಿ ತಿದ್ದುತ್ತಲೇ ನಾವು ವಾಕ್ಯ ಕಲಿತೆವು. ಆ ಪುಟಾಣಿ ಕೆಲಸಗಳಿಗೆ ಸಂಬಳ ಕೊಡುವವರು ಇಲ್ಲವಾದರೆ ಇಪ್ಪತ್ತು ವರ್ಷದ ಮೇಲೆ ಪಳಗಿದ ಕೈ ಎಲ್ಲಿಂದ ಬರುತ್ತದೆ? ಚಪಡನೂ ಎಲ್ಲೋ ಯಾರದೋ ಪಕ್ಕದಲ್ಲಿ ಕೂತು ಎರಡು ಲಿಪಿ ತಿದ್ದಿರಲೇಬೇಕು.

ಇನ್ನು ಮುಂದಿನ ಪ್ರಗತಿಯ ಮಾತು. 2024ರಲ್ಲಿ ಎರಡು ಸಂಶೋಧನೆ ಬಂದವು. ‘ಸೈನ್ಸ್ ಅಡ್ವಾನ್ಸಸ್’ ಪತ್ರಿಕೆಯಲ್ಲಿ ಅನಿಲ್ ದೋಶಿ ಮತ್ತು ಆಲಿವರ್ ಹೌಸರ್ ಪ್ರಕಟಿಸಿದ್ದು ಒಂದು. ಸುಮಾರು 300 ಜನರಿಂದ ಪುಟ್ಟ ಕಥೆ ಬರೆಸಿದರು, ಕೆಲವರಿಗೆ ಎಐ ಕೊಟ್ಟ ಎಳೆಗಳನ್ನು ನೋಡಲು ಅವಕಾಶವಿತ್ತು. ಆ ಎಳೆ ಪಡೆದವರ ಕಥೆಗಳಿಗೆ ಓದುಗರು ಹೆಚ್ಚು ಅಂಕ ಕೊಟ್ಟರು, ಬರವಣಿಗೆ ಅಷ್ಟೇನೂ ಒಲಿಯದವರಿಗೆ ಲಾಭ ಇನ್ನೂ ಹೆಚ್ಚು. ಆದರೆ ಎಲ್ಲ ಕಥೆಗಳನ್ನೂ ಒಟ್ಟಿಗೆ ಹರಡಿದಾಗ ಎಐ ನೆರವು ಪಡೆದವು ಒಂದರಂತೆ ಇನ್ನೊಂದು ಕಾಣತೊಡಗಿದವು. ಒಬ್ಬೊಬ್ಬರಿಗೂ ಲಾಭ, ಎಲ್ಲರಿಗೂ ಸೇರಿ ನಷ್ಟ. ಒಂದು ಊರಿನ ಹೊಲಗಳಿಗೆಲ್ಲ ಒಂದೇ ಬೀಜ ಬಿತ್ತಿದರೆ ಏನಾಗುತ್ತದೆ ಎಂದು ಶೇಂಗಾ ಬೆಳೆದವರಿಗೆ ಹೇಳಿಕೊಡಬೇಕಾಗಿಲ್ಲ.

ಎರಡನೆಯದು ‘ನೇಚರ್’ನಲ್ಲಿ ಇಲ್ಯಾ ಶುಮೈಲೋವ್ ಮತ್ತು ಸಂಗಡಿಗರದ್ದು. ಯಂತ್ರ ಬರೆದದ್ದನ್ನೇ ಮುಂದಿನ ಯಂತ್ರಕ್ಕೆ ಓದಿಸುತ್ತ ಹೋದರೆ ಕೆಲವು ತಲೆಮಾರಿನಲ್ಲಿ ಅದು ಅಸಂಬದ್ಧ ಒದರತೊಡಗುತ್ತದೆ. ಮೊದಲು ಅಳಿಯುವುದು ಅಪರೂಪದ್ದು, ಅಂಚಿನದ್ದು. ಎಲ್ಲರೂ ಆಡುವ ಮಾತು ಕೊನೆಯವರೆಗೂ ಉಳಿಯುತ್ತದೆ, ನೂರರಲ್ಲಿ ಒಬ್ಬ ಆಡುವ ಮಾತು ಮೊದಲ ಸುತ್ತುಗಳಲ್ಲೇ ಮಾಸತೊಡಗುತ್ತದೆ. ಕೆರೆಗೆ ಹಳ್ಳದ ನೀರು ಬರದೆ, ಇದ್ದ ನೀರನ್ನೇ ಎತ್ತಿ ಮತ್ತೆ ಅದಕ್ಕೇ ಸುರಿಯುತ್ತಿದ್ದರೆ ಉಳಿಯುವುದು ಕೆಸರು. ಯಂತ್ರಕ್ಕೂ ಮುಂದೆ ಬೆಳೆಯಬೇಕಾದರೆ ಹಳ್ಳ ಹರಿಯುತ್ತಲೇ ಇರಬೇಕು, ಅಂದರೆ ಮನುಷ್ಯರು ಹೊಸದನ್ನು ಕಟ್ಟುತ್ತಲೇ ಇರಬೇಕು.

ನಮ್ಮ ಸೀಮೆಯ ಹಳ್ಳ ಎಷ್ಟು ದೊಡ್ಡದಿತ್ತು ಎನ್ನುವುದಕ್ಕೆ ಸಿರಿಯಜ್ಜಿಯನ್ನು ನೆನೆಯಬೇಕು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಆ ಕಾಡುಗೊಲ್ಲರ ಅಜ್ಜಿಗೆ ಓದು ಬರಹ ಗೊತ್ತಿರಲಿಲ್ಲ. ಸಾವಿರಾರು ಪದ ನಾಲಗೆಯ ತುದಿಯಲ್ಲಿದ್ದವು. ಕೃಷ್ಣಮೂರ್ತಿ ಹನೂರು ಅವರು ಆಕೆಯ ಮುಂದೆ ಕೂತು ಕೇಳಿ, ಬರೆದುಕೊಂಡು, ‘ಸಾವಿರದ ಸಿರಿಬೆಳಗು’ ಎಂಬ ಸಂಗ್ರಹ ತಂದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆಕೆಗೆ ನಾಡೋಜ ಗೌರವ ಕೊಟ್ಟಿತು. ಮೊನ್ನೆ ನಾನು ಒಂದು ಎಐ ಉಪಕರಣಕ್ಕೆ, ಚಳ್ಳಕೆರೆ ಕಡೆಯ ಗೊಲ್ಲರ ಹಟ್ಟಿಯ ಅಜ್ಜಿಯೊಬ್ಬಳು ಕುರಿ ಕಾಯಲು ಹೋದ ಮಗನನ್ನು ನೆನೆದು ಹಾಡುವ ಪದ ಬರೆ ಎಂದೆ. ತಪ್ಪಿಲ್ಲದ ಕನ್ನಡದಲ್ಲಿ ಬರೆಯಿತು. ಪ್ರಾಸವೂ ಕೂಡಿತ್ತು. ಆದರೆ ಅದು ಸಿನಿಮಾ ಹಾಡಿನ ಅಮ್ಮ, ಪಠ್ಯಪುಸ್ತಕದ ಹಳ್ಳಿ. ಕಂಬಳಿಯ ವಾಸನೆ ಇರಲಿಲ್ಲ, ಹಟ್ಟಿಯ ಬಾಗಿಲ ಮುಳ್ಳುಬೇಲಿ ಇರಲಿಲ್ಲ, ‘ಐತೆ’ ಇದ್ದಲ್ಲೆಲ್ಲ ‘ಇದೆ’ ಇತ್ತು. ತಪ್ಪು ಯಂತ್ರದ್ದಲ್ಲ. ಹಟ್ಟಿಯ ಮಾತು ಅದರ ಓದಿಗೆ ಸಿಕ್ಕಿದ್ದು ಕಡಿಮೆ.

ಹಾಗಾದರೆ ಎಲ್ಲವನ್ನೂ ಅದಕ್ಕೆ ಓದಿಸಿಬಿಡೋಣವೇ? ಓದಿಸಬೇಕು ಎಂದೇ ನನ್ನ ಅಭಿಪ್ರಾಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ‘ವಾಣಿ’ ಎಂಬ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಯ ಆಡುಮಾತನ್ನು ಧ್ವನಿಮುದ್ರಿಸುತ್ತಿದೆ. ಅದೇ ಸಂಸ್ಥೆಯ ಇನ್ನೊಂದು ಆವರಣ ನಮ್ಮ ಚಳ್ಳಕೆರೆಯ ಕುದಾಪುರದಲ್ಲಿ, ಹಿಂದೆ ಅಮೃತಮಹಲ್ ಕಾವಲಾಗಿದ್ದ ಹುಲ್ಲುಗಾವಲಿನಲ್ಲಿ ಇದೆ. ಆ ಕಾವಲಿನಲ್ಲಿ ಕುರಿ ದನ ಮೇಯಿಸುತ್ತ ಪದ ಕಟ್ಟಿದವರ ಮೊಮ್ಮಕ್ಕಳು ಬೇಲಿಯ ಆಚೆ ಇದ್ದಾರೆ. ಅವರ ಮಾತು, ಅವರ ಪದ ಯಂತ್ರದೊಳಗೆ ಹೋಗುವುದಾದರೆ ಹಾಡಿದವರ ಹೆಸರು ಹೇಳಿ ಹೋಗಲಿ, ಹಟ್ಟಿಯ ಹೆಸರು ಹೇಳಿ ಹೋಗಲಿ, ಅವರ ಒಪ್ಪಿಗೆ ಕೇಳಿ ಹೋಗಲಿ.

ಮನುಷ್ಯರೂ ಬೇರೆಯವರದ್ದನ್ನು ಓದಿಯೇ ಕಲಿಯುವುದಲ್ಲವೇ, ಯಂತ್ರಕ್ಕೆ ಮಾತ್ರ ಯಾಕೆ ಈ ಕಟ್ಟಳೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಚಳ್ಳಕೆರೆ ತಾಲ್ಲೂಕಿನ ತಳುಕು ಗ್ರಾಮದ ಟಿ.ಎಸ್. ವೆಂಕಣ್ಣಯ್ಯನವರು ಮೈಸೂರಿನಲ್ಲಿ ಕುವೆಂಪು ಅವರಿಗೆ ಗುರುವಾಗಿದ್ದರು. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಅರ್ಪಿಸಿದ್ದು ಅವರಿಗೆ. ಅಷ್ಟು ದೊಡ್ಡ ಕವಿ ಅಷ್ಟು ದೊಡ್ಡ ಕಾವ್ಯದ ಬಾಗಿಲಲ್ಲೇ ನಿಂತು ಇವರಿಂದ ಪಡೆದೆ ಎಂದು ತಲೆಬಾಗಿದರು. ಯಂತ್ರ ಯಾರಿಂದ ಪಡೆಯಿತು ಎಂದು ಹೇಳುವುದಿಲ್ಲ. ಕಂಪನಿಗಳು ಹೇಳಬಹುದು, ಬಹುತೇಕ ಹೇಳುತ್ತಿಲ್ಲ.

ಕಾನೂನು ಈಗಷ್ಟೇ ಕಣ್ಣು ಬಿಡುತ್ತಿದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಒಂದು ಮಾತು ಸೇರಿತು: ಕಂಪ್ಯೂಟರಿನಿಂದ ಹುಟ್ಟಿದ ಕೃತಿಗೆ, ಅದು ಹುಟ್ಟಲು ಕಾರಣನಾದ ವ್ಯಕ್ತಿಯೇ ಕರ್ತೃ. ಆಗ ಯಾರ ಮನಸ್ಸಿನಲ್ಲೂ ಇವತ್ತಿನ ಯಂತ್ರ ಇರಲಿಲ್ಲ. 2024ರ ನವೆಂಬರಿನಲ್ಲಿ ಎಎನ್‌ಐ ಸುದ್ದಿಸಂಸ್ಥೆ ತನ್ನ ವರದಿಗಳನ್ನು ಅನುಮತಿಯಿಲ್ಲದೆ ಬಳಸಿದೆಯೆಂದು ಓಪನ್‌ಎಐ ಕಂಪನಿಯ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋಯಿತು. 2025ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರದ ಸಮಿತಿಯೊಂದು ಕರಡು ಮುಂದಿಟ್ಟಿತು: ಯಂತ್ರ ಓದಲಿ, ಆದರೆ ಓದಿದ್ದಕ್ಕೆ ರಾಯಧನ ಕೊಡಲಿ. ಪುಸ್ತಕ ಬರೆದವರಿಗೆ, ಹಾಡು ಮುದ್ರಿಸಿದವರಿಗೆ ಇದರಿಂದ ನಾಲ್ಕು ಕಾಸು ಬಂದೀತು. ಸಿರಿಯಜ್ಜಿಯಂಥವರ ಪದಕ್ಕೆ ಒಡೆಯರು ಯಾರೆಂದು ಬರೆದಿಟ್ಟ ದಾಖಲೆಯಿಲ್ಲ. ಮೊಳಕಾಲ್ಮುರು ಸೀರೆಯ ಹೆಸರಿಗೆ ರಕ್ಷಣೆಯುಂಟು. ಅದರ ಬುಟ್ಟದ ಚೆಲುವನ್ನು ಯಂತ್ರ ಹೀರಿಕೊಂಡು ಎಲ್ಲೋ ಪವರ್‌ಲೂಮಿನಲ್ಲಿ ಉಗುಳಿದರೆ, ಬೇರೆ ಹೆಸರಿನಲ್ಲಿ ಮಾರಿದರೆ, ಇಲ್ಲಿನ ನೇಕಾರ ಏನು ಮಾಡಬೇಕು?

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಸೀಮೆ ಇದು. ಕೆರೆ ಕಟ್ಟಿಸಿದ ಆ ಸಂತನ ಮಾತೆಂದು ನಮ್ಮ ಕಡೆ ಚಿಕ್ಕ ಮಕ್ಕಳೂ ಹೇಳುತ್ತಾರೆ, ‘ಮಾಡಿದಷ್ಟು ನೀಡು ಭಿಕ್ಷೆ’. ಯಾರು ಎಷ್ಟು ದುಡಿದರೋ ಅಷ್ಟು ಅವರಿಗೆ ಸಲ್ಲಬೇಕು. ಎಐ ಕಾನೂನು ಬರೆಯುವವರಿಗೆ ಇದಕ್ಕಿಂತ ನೇರವಾದ ಸೂತ್ರವನ್ನು ನಾನು ಕಾಣೆ.

ಮೊಳಕಾಲ್ಮುರಿನ ಆ ಮನೆಗೆ ತಿಂಗಳು ಬಿಟ್ಟು ಮತ್ತೆ ಹೋಗಿದ್ದೆ. ಹುಡುಗಿ ಗ್ರಾಫ್ ಹಾಳೆಯ ಮೇಲೆ ನವಿಲು ಬರೆದಿದ್ದಳು. ಮೊಬೈಲಿನ ನಾಲ್ಕೂ ನವಿಲು ಗರಿಬಿಚ್ಚಿ ಕುಣಿಯುತ್ತಿದ್ದವು, ಜಗತ್ತಿನ ಚಿತ್ರಗಳಲ್ಲೆಲ್ಲ ನವಿಲು ಇರುವುದೇ ಹಾಗೆ. ಇವಳ ನವಿಲು ಬಾಲ ಮಡಚಿಕೊಂಡು, ಕತ್ತು ಮುಂದೆ ಚಾಚಿ, ಇಳಿಜಾರಿನಲ್ಲಿ ಹೆಜ್ಜೆ ಇಡುತ್ತಿತ್ತು. ಇಂಥ ಬುಟ್ಟ ನಾನು ಬೇರೆ ಸೀರೆಯಲ್ಲಿ ಕಂಡಿಲ್ಲ. ಎಲ್ಲಿ ನೋಡಿದೆಯಮ್ಮ ಎಂದೆ.

“ಗುಡ್ಡದಾಗೆ, ಸಾರ್. ಜಟಿಂಗಕ್ಕೆ ಹೋದಾಗ ಬಂಡೆ ಮ್ಯಾಲೆ ಹಿಂಗೇ ಇಳೀತಿತ್ತು. ಕಾಲು ಜಾರಬಾರದು ಅಂತ ನೋಡ್ಕಂಡು ನೋಡ್ಕಂಡು.”

ಎಐಯನ್ನು ಅವಳು ಬಿಟ್ಟಿರಲಿಲ್ಲ. ತನ್ನ ಚಿತ್ರವನ್ನೇ ಅದಕ್ಕೆ ತೋರಿಸಿ ಬಣ್ಣಗಳ ಹತ್ತಾರು ಜೋಡಿ ಮಾಡಿಸಿದ್ದಳು, ಅದರಲ್ಲಿ ಒಂದನ್ನು ಆರಿಸಿದ್ದಳು. ಅಪ್ಪ ಹಾಳೆಯ ಚೌಕಗಳನ್ನು ಪೆನ್ಸಿಲಿನ ತುದಿಯಿಂದ ಎಣಿಸುತ್ತಿದ್ದರು. ಕಾಲಿನ ಹತ್ತಿರ ಎರಡು ಎಳೆ ಕಟ್ಟು ಸಾಲದು ಎಂದು ಗುರುತು ಹಾಕಿದರು. ಅವಳು ರಬ್ಬರಿನಿಂದ ಉಜ್ಜಿ ತಿದ್ದಿದಳು. ಮತ್ತೆ ಎಣಿಸಿದರು.

“ನಾಳೀಕೆ ರಟ್ಟು ಹೊಡಿಸ್ಬೋದು” ಎಂದರು.